ಜಾತ್ರ್ಯಾಗ ಈ ಸಲ ಕಲ್ಲ ಎತ್ತಂಗಿಲ್ಲ ಅಂತ ಮಂದಿಗೆ ಹೆಂಗ ಹೇಳ್ಲಿ?

ಹೊಳಿದಂಡಿ_ಹುಡುಗ (ಜಮಖಂಡಿ ಕಡೆ)

ದೋಸ್ತರ ನಮಸ್ಕಾರ್ರಿ. ಮನ್ಯಾಗ ಹೇಳಾಕ ಆಗವಲ್ದು, ಊರಾಗಂತೂ ಹೇಳಾಕ ಆಗಂಗೇ ಇಲ್ಲ, ಅದಕ್ಕ ಇಲ್ಲಿ ಬರ್ಯಾಕತ್ತೀನಿ. ಹೆಸರ ಕೇಳಬ್ಯಾಡ್ರಿ, ಊರ ಕೇಳಬ್ಯಾಡ್ರಿ, ಜಮಖಂಡಿ ತಾಲೂಕ ಹೊಳಿ ಸಾಲಿನ ಹಳ್ಳಿ ಅಂತ ತಿಳ್ಕೊಂಡ್ರ ಸಾಕ.

ನಂಗ ವಯಸ್ಸ 34. ನಮ್ಮೂರ ಹನುಮಪ್ಪನ ಓಕಳಿ ಟೈಮಿನ್ಯಾಗ ಸಂಗ್ರಾಣಿ ಕಲ್ಲ ಎತ್ತೂದು, ಜ್ವಾಳದ ಚೀಲ ಎತ್ತೂದು, ಎತ್ತ ಹೂಡಿ ಬಂಡಿ ಎಳಸೂ ತೆರಬಂಡಿ ಎಲ್ಲಾ ಇರ್ತಾವ್ರಿ. ನಮ್ಮ ಅಪ್ಪ ಹರೇದಾಗ ಎತ್ತಾಂವ, ಗೆದ್ದ ಬೆಳ್ಳಿ ಕಡೆ ಇನ್ನೂ ಟ್ರಂಕಿನ್ಯಾಗ ಅರವಿ ಸುತ್ತಿ ಇಟ್ಟಾನ, ಬೀಗರು ಬಂದ್ರ ಚಾ ಕುಡ್ಯೂದಕ್ಕಿಂತ ಮೊದ್ಲ ಅದನ್ನ ತಗದ ತೋರಸ್ತಾನ. ಅಪ್ಪ ಬಿಟ್ಟ ಮ್ಯಾಲ ನಾ ಎತ್ತಾಕತ್ತೀನಿ. ಮಂದಿ ನಮ್ಮ ಮನಿಗೆ ಅಡ್ಡಹೆಸರ ಬಿಟ್ಟ ಪೈಲ್ವಾನರ ಮನಿ ಅಂತನ ಅಂತಾರ.

ಈಗ ಆಗಿದ್ದೇನಂದ್ರ, ಈ ಕಬ್ಬಿನ ಸೀಜನ್ ಸುರು ಆದಾಗ ಟ್ರ್ಯಾಲಿಗಿ ಪೆಂಡಿ ಒಗ್ಯಾಕತ್ತಿದ್ದೆ, ತೊಡಿಸಂದ್ಯಾಗ ಏನೋ ಚುಳಕ್ ಅಂತು, ಉಳುಕೇತಿ ಅಂತ ಬಿಟ್ಟೆ. ಆಮ್ಯಾಲ ನೋಡಿದ್ರ ಅಲ್ಲಿ ಲಿಂಬಿಹಣ್ಣಿನಷ್ಟ ಗಂಟ, ಮಲಕೊಂಡ್ರ ಹೋಗ್ತೈತಿ, ಎದ್ದ ನಿಂತ ಕೆಮ್ಮಿದ್ರ ಮತ್ತ ಬರ್ತೈತಿ. ಹೇಂತಿಗೆ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ ತರಾಕ ಹೊಂಟೀನಿ ಅಂತ ಹೇಳಿ ಒಬ್ಬನ ಹೋಗಿ ಡಾಕ್ಟರ್‌ಗೆ ತೋರಿಸಿದೆ. ಕೆಮ್ಮು ಅಂದ್ರು, ಕೆಮ್ಮಿದೆ, ಕೈ ಇಟ್ಟ ನೋಡಿ ಹರ್ನಿಯಾ ಐತಿ ಆಪರೇಷನ್ ಆಗೂದು, ಅಲ್ಲೀತನಾ ಭಾರ ಎತ್ತಬ್ಯಾಡ ಅಂದ್ರು. ನಾ ಕೇಳಿದೆ, ಸರ್ ಜಾತ್ರಿ ಮುಗಿಸಿ ಮಾಡ್ಸಿಕೊಂಡ್ರ ನಡೀತೈತೇನ್ರಿ, ಒಂದ ಕಲ್ಲ ಎತ್ತೂದೈತಿ ಅಂತ. ಅವ್ರು ಚಸ್ಮಾ ತಗದ ಟೇಬಲ್ ಮ್ಯಾಲ ಇಟ್ಟ, ಎತ್ತಪಾ ಎತ್ತು, ಕಲ್ಲ ಮ್ಯಾಲ ಹೋಗ್ತೈತಿ, ಕರಳ ಕೆಳಗ ಬರ್ತೈತಿ ಅಂದ್ರು.

ನನಗ ಆಪರೇಷನ್ ಹೆದ್ರಿಕಿ ಇಲ್ರಿ. ಹೆದ್ರಿಕಿ ಇರೂದು ಮಂದೀದು. ನಮ್ಮ ಕಡೆ ಇದಕ್ಕ ಅಂಡವಾಯು ಅಂತಾರ, ಅಂದ ಮ್ಯಾಲ ನಗ್ತಾರ. ಅಲ್ಲಿ ಕತ್ರಿ ಹಾಕಿಸ್ಕೊಂಡಾಂವ ಗಂಡಸಾಗಿ ಉಳ್ಯಂಗಿಲ್ಲ ಅಂತ ಬ್ಯಾರೆ ಒಂದ ಸುದ್ದಿ. ಹೋದ ವರ್ಷ ಒಬ್ಬಾಂವ ಹೆಸರ ಬರೆಸಿ ಕಡೀಕ ಅಖಾಡಕ್ಕ ಬರಲಿಲ್ಲ ಅಂತ ರಾತ್ರ್ಯಾಗ ಯಾರೋ ಅವನ ಮನಿ ಕಟ್ಟಿ ಮ್ಯಾಲ ಡಜನ್ ಹಸಿರ ಬಳಿ ಇಟ್ಟ ಬಂದಿದ್ರು, ಚಾದಂಗಡ್ಯಾಗ ಇಂದಿಗೂ ಅದನ್ನ ಹೇಳಿ ನಗ್ತಾರ. ನಮ್ಮ ಅಪ್ಪಗ ಇದ ಗೊತ್ತಾದ್ರ ಏನ್ ಅನ್ನತಾನೋ ದೇವ್ರಿಗೇ ಗೊತ್ತು, ಯಾಕಂದ್ರ ಆಂವ ಕಾಲಿಗಿ ಕುಡಗೋಲ ಬಡದ್ರೂ ಸುಣ್ಣ ಹಚ್ಚಿ ಕೆಲಸ ಮಾಡಿದಾಂವ.

ಯಾರಿಗರೆ ಹಿಂಗ ಆಗಿತ್ತೇನ್ರಿ? ಎಲ್ಲಾರೂ ಮಾಡ್ತೀ ಅಂತ ನಂಬಿದ್ದನ್ನ ಮಾಡಂಗಿಲ್ಲ ಅಂತ ಹೆಂಗ ಹೇಳಿದ್ರಿ? ಸುಳ್ಳ ಹೇಳಿ ಆ ಟೈಮಿಗಿ ಪುಣೆಗೆ ಹೋಗಿಬಿಡೂದ ಚೊಲೋ ಏನು ಅಂತ ಒಂದೊಂದ ಸಲ ಅನಸ್ತೈತಿ.

ಖಡಕ್_ರೊಟ್ಟಿ

ಅಣ್ಣಾ ಬಿಡ್ರಿ. ನಮ್ಮ ಅಜ್ಜ ಜ್ವಾಳದ ಚೀಲ ಬೆನ್ನಿಗಿ ಹಾಕ್ಕೊಂಡ ನಿಚ್ಚಣಿಕಿ ಹತ್ತಿ ಅಟ್ಟಕ್ಕ ಏರಸ್ತಿದ್ದ, ಆವಾಗ ಸ್ಕ್ಯಾನೂ ಇಲ್ಲ ಪ್ಯಾನೂ ಇಲ್ಲ. ಲಂಗೋಟ ಬಿಗದ ಕಟ್ಟರಿ, ದಿನಾ ನಾಕ ತತ್ತಿ ಜಾಸ್ತಿ ತಿನ್ರಿ, ಹನುಮಪ್ಪನ ಹೆಸರ ತಗೊಂಡ ಎತ್ತರಿ. ಈಗಿನವ್ರಿಗೆ ಸೀನ ಬಂದ್ರೂ ಡಾಕ್ಟರ್ ಬೇಕ.

ಓಟಿ_ಕೆಲಸದಾಂವ (ವಿಜಯಪುರ)

ಮ್ಯಾಲಿನ ಸಲಹಾ ಕೊಟ್ಟವ್ರಿಗೆ ದೊಡ್ಡ ನಮಸ್ಕಾರ. ನಾ ಡಾಕ್ಟರ್ ಅಲ್ಲ, ಆಪರೇಷನ್ ಥಿಯೇಟರ್ ಟೆಕ್ನಿಷಿಯನ್ ಇದ್ದೀನಿ, ದವಾಖಾನಿ ಹೆಸರ ಬ್ಯಾಡ. ಹರ್ನಿಯಾ ಆಪರೇಷನ್ ನಮ್ಮಲ್ಲಿ ಭಾಳ ಸಾದಾ, ಅದಕ್ಕ ನಾಕ ಮಾತ ಹೇಳ್ತೀನಿ.

ಹೊಟ್ಟಿ ಮುಂದಿನ ಗ್ವಾಡಿ ಎಲ್ಲೋ ಸಡ್ಲ ಆಗಿ ಒಳಗಿನ ಕೊಬ್ಬು, ಒಮ್ಮೊಮ್ಮೆ ಕರುಳು, ಹೊರಗ ಉಬ್ಬತದ. ಸೈಕಲ್ ಟಾಯರ್ ಒಂದ ಕಡೆ ಸವದ್ರ ಟ್ಯೂಬ್ ಅಲ್ಲಿಂದನ ಉಬ್ಬಿ ಬರ್ತದಲ್ಲ, ಅಷ್ಟ. ತೊಡಿಸಂದ್ಯಾಗಿನ ಹರ್ನಿಯಾ ಗಂಡಸರಿಗೇ ಜಾಸ್ತಿ ಯಾಕ ಬರ್ತದ ಗೊತ್ತದ ಏನ್ರಿ? ಕೂಸ ತಾಯಿ ಹೊಟ್ಟ್ಯಾಗ ಇದ್ದಾಗ ಗಂಡಕೂಸಿನ ಬೀಜ ಹೊಟ್ಟಿ ಒಳಗ ಇರ್ತಾವ, ಹುಟ್ಟೂದ್ರಾಗ ತೊಡಿಸಂದಿ ಹಾದಿಲೆ ಕೆಳಗ ಇಳೀತಾವ. ಆ ಇಳದ ಹಾದಿ ಜೀವಮಾನ ಪೂರ್ತಿ ಸ್ವಲ್ಪ ಅಶಕ್ತನ ಉಳೀತದ. ನಾಕ ಗಂಡಸರಾಗ ಸುಮಾರ ಒಬ್ಬಗ ಜೀವನದಾಗ ಒಮ್ಮೆರೆ ಇದು ಬರ್ತದ. ಅಂದ್ರ ಇದು ಗಂಡಸ್ತನ ಕಮ್ಮಿ ಆಗಿ ಬಂದ ಬ್ಯಾನಿ ಅಲ್ಲ, ಗಂಡಸಾಗಿ ಹುಟ್ಟಿದ್ದಕ್ಕನ ಬಂದದ್ದು. ಚಾದಂಗಡ್ಯಾಗ ನಗೋ ಮಂದಿಯೊಳಗೂ ಇಬ್ರ ಮೂವರಿಗೆ ಇರಬಹುದು, ಅವ್ರು ಅಂಗಿ ಸಡ್ಲ ಬಿಟ್ಕೊಂಡ ಅಡ್ಡಾಡ್ತಿರ್ತಾರ.

ಲಂಗೋಟ, ಬೆಲ್ಟ್ ಕಟ್ಟಿದ್ರ ಗಂಟ ಕಾಣಂಗಿಲ್ಲ ಅಷ್ಟ, ತೂತ ಮುಚ್ಚಂಗಿಲ್ಲ. ತತ್ತಿ ತಿಂದ್ರ ತತ್ತಿ ಹೊಟ್ಟಿಗಿ ಹೋಗ್ತದ, ತೂತಿಗಿ ಹೋಗಂಗಿಲ್ಲ. ದೊಡ್ಡವ್ರಿಗೆ ಇದು ತಾನ ಮಾಯೂದಲ್ಲ. ಆಪರೇಷನ್ ಅಂದ್ರ ಹೊರಗ ಬಂದದ್ದನ್ನ ಒಳಗ ತಳ್ಳಿ ಮ್ಯಾಲ ಮೆಶ್ ಅಂತ ಒಂದ ಜಾಳಗಿ ಹಚ್ಚತಾರ. ಬೆನ್ನಿಗಿ ಇಂಜೆಕ್ಷನ್ ಕೊಟ್ಟ ಮಾಡ್ತಾರ, ಇಲ್ಲಾ ದುರ್ಬೀನಿಲೆ ಮಾಡ್ತಾರ. ಸಂಸಾರಕ್ಕ, ಮಕ್ಕಳಾಗೂದಕ್ಕ ಸಾಧಾರಣವಾಗಿ ಏನೂ ಧಕ್ಕಿ ಇಲ್ಲ. ಕೆಲವ್ರಿಗೆ ಆ ಜಾಗಾ ಜೋಮ ಹಿಡದಂಗ ಇರ್ತದ, ಕೆಲವ್ರಿಗೆ ನೋವ ಸ್ವಲ್ಪ ದಿನ ಜಾಸ್ತಿ ಉಳೀತದ, ಅದನ್ನೂ ಡಾಕ್ಟರ್ ಕಡೆ ಕೇಳಿ ತಿಳ್ಕೊರಿ.

ಇದೊಂದ ಗಟ್ಟಿ ನೆನಪಿಟ್ಕೊರಿ. ಗಂಟ ಕಲ್ಲಿನಂಗ ಬಿರುಸ ಆತು, ಮಲಕೊಂಡ್ರೂ ಒಳಗ ಹೋಗವಲ್ದು, ನೋವ ತಡ್ಯಾಕ ಆಗವಲ್ದು, ವಾಂತಿ ಸುರು ಆತು ಅಂದ್ರ ಕರುಳು ಸಿಕ್ಕೊಂಡದ ಅಂತ ಅರ್ಥ. ರಕ್ತ ನಿಂತ ಕರುಳು ಸಾಯಾಕ ತಾಸಗಟ್ಲೆ ಸಾಕ. ಆವಾಗ ರಾತ್ರಿ ಅದ, ಮುಂಜಾನೆ ನೋಡೂಣು ಅನ್ನಬ್ಯಾಡ್ರಿ, ಸೀದಾ 108ಕ್ಕ ಫೋನ್ ಹಚ್ಚರಿ. ಸುಮ್ಮ ಹಲ್ಲ ಕಚ್ಚಿ ತಡ್ಕೊಂಡ ಕೂತು ಎರಡ ದಿನ ಆದ ಮ್ಯಾಲ ಬಂದವ್ರನ್ನ ಟೇಬಲ್ ಮ್ಯಾಲ ನೋಡೀನಿ. ಗಟ್ಟಿ ಮನಶ್ಯಾರನ ಇರ್ತಾರ ಅವ್ರು, ಅದೇ ತೊಂದ್ರಿ.

ನಿವೃತ್ತ_ಸುಬೇದಾರ (ಖಾನಾಪುರ)

ತಮ್ಮಾ, ನಿನ್ನ ಪೋಸ್ಟ್ ಓದಿ ನಗು ಬಂತು, ತಪ್ಪ ತಿಳ್ಕೊಬ್ಯಾಡ. ಆ ಡಾಕ್ಟರ್ ಕೆಮ್ಮು ಅಂದ್ರಲ್ಲ, ಫೌಜಿಗೆ ಹೋಗೂ ಪ್ರತಿಯೊಬ್ಬ ಹುಡುಗಾನೂ ಮೆಡಿಕಲ್‌ನ್ಯಾಗ ಹಂಗ ಬತ್ತಲೆ ನಿಂತ ಕೆಮ್ಮಿ ತೋರಿಸ್ಯಾನ. ಹರ್ನಿಯಾ ನೋಡೂದಕ್ಕನ ಅದು. ನಮ್ಮ ನಂದಗಡದ ಕಡೆ ರಸ್ತೆ ಮ್ಯಾಲ ಇನ್ನೂ ಹೊತ್ತ ಹುಟ್ಟಿರಂಗಿಲ್ಲ, ಹುಡುಗ್ರು ಓಡಾಕ ಹತ್ತಿರ್ತಾವ, 1.6 ಕಿಲೋಮೀಟರ್ ಐದೂವರಿ ನಿಮಿಷದಾಗ ಮುಗಿಸಿದ್ರ ಪೂರಾ ಮಾರ್ಕ್ಸು, ಮ್ಯಾಲ ಹತ್ತ ಬೀಮ್, ಅಂದ್ರ ಸಳಿ ಹಿಡದ ಜೋತಬಿದ್ದ ಮೈ ಮ್ಯಾಲ ಎತ್ತೂದು. ಓಟದಾಗ ಫಸ್ಟ್ ಬಂದ ಹುಡುಗ ಮೆಡಿಕಲ್‌ನ್ಯಾಗ ಹರ್ನಿಯಾ ಅಂತ ನಿಂತದ್ದ ನೋಡೀನಿ. ಅವಗ ಯಾರೂ ಬಳಿ ಕೊಡಲಿಲ್ಲ, ಹೋಗಿ ಮಾಡಿಸ್ಕೊಂಡ ಬಾ ಅಂದ್ರು.

ಈಗ ಗಟ್ಟಿತನದ ಮಾತ. ನಾ ಸಿಯಾಚಿನ್ ಮಾಡಿ ಬಂದಾಂವ. ಮ್ಯಾಲ ಹೋಗೂದಕ್ಕಿಂತ ಮೊದ್ಲ ಹದಿನಾಕ ದಿನ ಮೂರ ಹಂತದಾಗ ಗಾಳಿಗಿ ಮೈ ಹೊಂದಸ್ತಾರ, ಕೆಳಗಿನ ಎತ್ತರದಾಗ ಆರ ದಿನ, ಆಮ್ಯಾಲ ನಾಕ, ಆಮ್ಯಾಲ ಮತ್ತ ನಾಕ. ಎಂಥಾ ಪೈಲ್ವಾನ ಇದ್ರೂ ಒಂದ ದಿನ ಬಿಡಂಗಿಲ್ಲ. ಅಲ್ಲಿ ನಮಗ ಜೋಡಿ ಹಾಕಿ ಬಿಡ್ತಾರ, ಒಬ್ಬನ ಮುಖ, ಬೆರಳ, ಕಾಲ ಇನ್ನೊಬ್ಬಾಂವ ದಿನಾ ನೋಡಬೇಕ, ಬಿಳಿ ಆಗ್ಯಾವೇನು ಕಪ್ಪ ಆಗ್ಯಾವೇನು ಅಂತ. ರಾತ್ರಿ ಒಬ್ಬ ಹುಡುಗ ಕೆಮ್ಮಾಕತ್ತಿದ್ದ. ಚೊಲೋ ಗಟ್ಟಿ ಹುಡುಗ, ನಮ್ಮ ಬೆಳಗಾವಿ ಜಿಲ್ಹಾದವನ, ಊರಾಗ ಕುಸ್ತಿ ಹಿಡದಾಂವ. ಕೇಳಿದ್ರ ಏನಿಲ್ಲ ಉಸ್ತಾದ್, ಥಂಡಿ ಅಂದ. ಅವನ ಜೋಡಿಯಾಂವ ಸಣ್ಣ ಹುಡುಗ, ಮೀಸಿ ಇನ್ನೂ ಸರಿ ಮೂಡಿರಲಿಲ್ಲ, ಅಂವ ಬಂದ ನನಗ ಹೇಳಿದ, ಸಾಬ್ ಇವ ಮಲಕೊಂಡ್ರ ಎದ್ಯಾಗ ಗೊರ ಗೊರ ಸಪ್ಪಳ ಬರ್ತೈತಿ ಅಂತ. ಅದಕ್ಕ ಹೇಪ್ ಅಂತಾರ, ಎತ್ತರದಾಗ ಪುಪ್ಪಸದಾಗ ನೀರ ತುಂಬೂದು, ಹೇಳದ ಕೂತ್ರ ಮುಂಜಾನಿತನಾ ಉಳ್ಯೂದು ಗ್ಯಾರಂಟಿ ಇಲ್ಲ. ಆಕ್ಸಿಜನ್ ಹಚ್ಚಿ ಬೆಳಕ ಹರದ ಕೂಡ್ಲೆ ಕೆಳಗ ಇಳಿಸಿದ್ವಿ, ಬದುಕಿದ. ಕೆಳಗ ಹೋಗೂವಾಗ ಆ ಜೋಡಿ ಹುಡುಗನ ಮ್ಯಾಲ ಸಿಟ್ಟ ಮಾಡ್ಕೊಂಡ ಹೋದ ನೋಡ, ನನ್ನ ಚಾಡಿ ಹೇಳಿದಿ ಅಂತ.

ಪುಣೆಗೆ ಓಡಿ ಹೋಗೂ ಮಾತ ಬ್ಯಾಡ. ಸುಳ್ಳ ಹೇಳಿದ್ರ ಮುಂದಿನ ವರ್ಷ ಮತ್ತೊಂದ ಸುಳ್ಳ ಹುಡುಕಬೇಕ. ಸೀದಾ ಹೇಳಿಬಿಡು, ಡಾಕ್ಟರ್ ಬ್ಯಾಡ ಅಂದಾರ, ಆಪರೇಷನ್ ಐತಿ. ನಗೋರು ನಾಕ ದಿನ ನಗ್ತಾರ, ಆಮ್ಯಾಲ ಯಾರದರೆ ಮನ್ಯಾಗ ಹೊಸಾ ಜಗಳ ಆಗ್ತೈತಿ, ಅಲ್ಲಿಗೆ ಹೋಗ್ತಾರ.

ಅಥಣಿ_ಅಕ್ಕ

ಹೆಣ್ಮಕ್ಕಳು ಇಲ್ಲಿ ಬರೀಬಹುದೋ ಇಲ್ಲೋ ಗೊತ್ತಿಲ್ಲ, ಆದ್ರೂ ಬರೀತೀನಿ. ಅಣ್ಣಾರ, ನೀವು ಪೆಂಡಿ ಒಗಿಯೂವಾಗ ಆತು ಅಂದ್ರಿ, ಅದನ್ನ ಓದಿ ಸುಮ್ಮ ಕೂಡಾಕ ಆಗಲಿಲ್ಲ.

ನಮ್ಮ ಅವ್ವ ಅಪ್ಪ ಕಬ್ಬಿನ ಗ್ಯಾಂಗಿನ್ಯಾಗ ಇದ್ದವ್ರು. ಗ್ಯಾಂಗ್ ಕೂಡಸೂ ಮುಕಾದಮ ದಸರಾಕ್ಕಿಂತ ಮೊದ್ಲ ಅಡ್ವಾನ್ಸ್ ಕೊಡ್ತಿದ್ದ, ಗಂಡ ಹೇಂತಿ ಸೇರಿ ಒಂದ ಕೊಯ್ತಾ, ಅಂದ್ರ ಒಂದ ಕುಡಗೋಲ, ಅಂತ ಲೆಕ್ಕ, ರೊಕ್ಕ ಅಪ್ಪನ ಕೈಗೆ. ಅಪ್ಪ ಕಡ್ಯಾಂವ, ಅವ್ವ ಕಟ್ಟಿ ಹೊರಾಕಿ. ಟ್ರ್ಯಾಲಿಗಿ ಹಚ್ಚಿದ ಹಲಗಿ ನೋಡೀರಲ್ಲ, ಅಗಲ ಒಂದ ಗೇಣ. ತಲಿಮ್ಯಾಲ ಸಿಂಬಿ, ಸಿಂಬಿ ಮ್ಯಾಲ ಪೆಂಡಿ, ಕಬ್ಬಿನ ಗರಿ ಕುತಗಿಗೆ ಗೀರಿ ಗೀರಿ ಕೆಂಪ ಬರಿ ಎದ್ದಿರ್ತಾವ, ಹಲಗಿ ನಡಬರಕ ಬಂದಾಗ ಜೀಕಾಡ್ತೈತಿ, ಆವಾಗ ನಿಂತ್ರ ಬಿದ್ದಳಂತ ಲೆಕ್ಕ, ಉಸರ ಹಿಡದ ಒಂದ ಸವನ ಏರಬೇಕ. ಇನ್ನೊಂದ ಕೂಸ ಹೊಟ್ಟ್ಯಾಗ ಇಟ್ಕೊಂಡ ಏರ್ಯಾಳ ಅಕಿ. ಅದೂ ಒಂದಲ್ಲ, ಟ್ರ್ಯಾಲಿ ತುಂಬೂತನಾ. ನೀವು ಎತ್ತೂ ಕಲ್ಲ ಒಮ್ಮೆ ಎತ್ತಿ ಒಗದ್ರ ಮುಗೀತು, ಹಲಗಿ ಹೊಡಿತಾರ, ಭಂಡಾರ ಹಾರಸ್ತಾರ. ನಮ್ಮ ಅವ್ವಗ ಯಾರ ಹಲಗಿ ಹೊಡದ್ರು?

ಅಕಿಗೆ ಗರ್ಭಕೋಶ ಕೆಳಗ ಇಳೀತು. ಬಾಣಂತನ ಸರಿ ಆಗದ ಭಾರ ಹೊತ್ತದ್ದಕ್ಕ. ಅದನ್ನ ಹೆಣ್ಮಕ್ಕಳ ಮೈ ಜಾರೂದು ಅಂತಾರ, ಸಣ್ಣ ದನಿಲೆ. ಅರವಿ ಕಟ್ಕೊಂಡ ಸೀಜನ್ ಮ್ಯಾಲ ಸೀಜನ್ ಕೆಲಸಾ ಮಾಡಿದಳು, ಅಪ್ಪಗ ಗೊತ್ತಿರಲಿಲ್ಲ, ನನಗ ಗೊತ್ತಿರಲಿಲ್ಲ. ಗೊತ್ತಾದದ್ದ ಹೆಂಗ ಅಂದ್ರ ನನ್ನ ಲಗ್ನದ ಹಿಂದಿನ ದಿನ ಜಳಕದ ಮನ್ಯಾಗ ಬಿದ್ದಳು. ನಾಚಿಕಿ ಒಂದ ದೊಡ್ಡ ಬ್ಯಾನಿ ಅಣ್ಣಾರ, ಅದು ಗಂಡಸರಿಗೆ ಬ್ಯಾರೆ ಹೆಂಗಸರಿಗೆ ಬ್ಯಾರೆ ಅಂತ ಇಲ್ಲ.

ಇನ್ನ ಆ ಬಳಿ ಮಾತ. ನಮ್ಮ ಕಿತ್ತೂರ ಚನ್ನಮ್ಮನ ದಂಡ ಕಂಪನಿ ಸರ್ಕಾರದ ಥ್ಯಾಕರೇನ 1824ರಾಗ ಹೊಡದ ಕೆಡವಿದ ನಾಡ ಇದು. ಅಕಿ ಕೈಯಾಗ ಬಳಿ ಇರಲಿಲ್ಲೇನು? ಯಾರರೆ ನಿಮ್ಮ ಕಟ್ಟಿ ಮ್ಯಾಲ ಬಳಿ ಇಟ್ಟ ಹೋದ್ರ ಹೇಂತಿಗೆ ಕೊಡ್ರಿ, ಡಜನ್ ಬಳಿ ಈಗ ಏನ್ ಸಸ್ತಾ ಇಲ್ಲ.

ಮೊದ್ಲ ಮನ್ಯಾಗ ಅಕಿಗೆ ಹೇಳ್ರಿ. ಇಲ್ಲಿ ಗುರ್ತಿಲ್ಲದ ಮಂದಿಗೆ ಹೇಳೂಕಿಂತ ಮೊದ್ಲ ಹೇಳಬೇಕಿತ್ತು.

ನವನಗರ_ನಿವಾಸಿ (ಬಾಗಲಕೋಟ)

ಅಕ್ಕಾರ ಮಾತ ಕೇಳಿ ನಮ್ಮ ಅಪ್ಪನ ಕತಿ ನೆನಪಾತು, ಸ್ವಲ್ಪ ನಗೂದೈತಿ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟ್ಯಾಗಿನ ನಮ್ಮ ಮನಿ ಹೋದಾಗ ಸಾಗವಾನಿ ಬಾಗಲ ಚೌಕಟ್ಟ ತಾನ ಕಿತ್ತ ಬಂಡ್ಯಾಗ ಹೇರ್ಕೊಂಡ ನವನಗರಕ್ಕ ಬಂದಾಂವ, ಒಂದ ಹನಿ ಕಣ್ಣೀರ ಹಾಕಲಿಲ್ಲ ಅಂತ ನಮ್ಮ ಚಿಕ್ಕಪ್ಪ ಇನ್ನೂ ಹೇಳ್ತಾನ. ಅಂಥಾ ಮನಶ್ಯಾಗ ಕಿಡ್ನಿ ಸ್ಟೋನ್ ಬಂತ. ಅದರ ನೋವ ಗೊತ್ತಿದ್ದವ್ರಿಗೇ ಗೊತ್ತು. ಮಂದಿ ಮುಂದ ನರಳಬಾರ್ದು ಅಂತ ನಡರಾತ್ರಿ ಮಾಳಿಗಿ ಮ್ಯಾಲ ಹೋಗಿ ಬೈಠಕ್ ಹೊಡ್ಯಾಕ ಹತ್ತಿದ್ದ, ಹುಂ ಹುಂ ಅಂತ ದನಿ ತಗದ್ರ ವ್ಯಾಯಾಮ ಅಂತ ತಿಳಕೋತಾರ ಅಂತ ಅವನ ಲೆಕ್ಕ. ಬಾಜೂ ಮನಿಯವ್ರು ಕಳ್ಳ ಬಂದಾನ ಅಂತ ಬ್ಯಾಟರಿ ಹಾಕಿ ಒದರಿದ್ರು, ಓಣಿ ಮಂದಿ ಎಲ್ಲಾ ಬಡಗಿ ತಗೊಂಡ ಕೂಡಿದ್ರು, ಮ್ಯಾಲ ನೋಡಿದ್ರ ನಮ್ಮ ಅಪ್ಪ ಲುಂಗಿ ಮ್ಯಾಲ ಬೆವತ ನಿಂತಾನ. ಆಮ್ಯಾಲ ಹರಳ ತಗಸಿದ್ವಿ. ಈಗ ಅದನ್ನ ಒಂದ ಡಬ್ಬ್ಯಾಗ ಹಾಕಿ ಇಟ್ಕೊಂಡಾನ, ನಿಮ್ಮ ಅಪ್ಪನ ಬೆಳ್ಳಿ ಕಡೆ ಇದ್ದಂಗ ಬೀಗರಿಗೆ ತೋರಸ್ತಾನ. ನಿಮ್ಮ ಅಪ್ಪಾರನ್ನ ಪೂರಾ ಕಲ್ಲಿನ ಮನಶ್ಯಾ ಅಂತ ತಿಳ್ಕೊಬ್ಯಾಡ್ರಿ ಅಂತ ಹೇಳಾಕ ಇದನ್ನ ಬರದೆ.

ಹೊಳಿದಂಡಿ_ಹುಡುಗ

ಎಲ್ಲಾರಿಗೂ ಥ್ಯಾಂಕ್ಸ್ ರೀ. ಅಥಣಿ ಅಕ್ಕಾರ, ನಿಮ್ಮ ಮಾತ ಓದಿ ನಿನ್ನೆ ರಾತ್ರಿ ಹೇಂತಿಗೆ ಹೇಳಿದೆ. ಅಕಿಗೆ ಮೊದ್ಲ ಗೊತ್ತಿತ್ತಂತ್ರಿ! ಕೆಮ್ಮೂವಾಗೊಮ್ಮೆ ಅಲ್ಲಿ ಕೈ ಒತ್ತಿ ಹಿಡ್ಕೋತೀರಿ, ಸ್ಪೇರ್ ಪಾರ್ಟ್ ತರಾಕ ಹೋದಾವ್ರು ಬರಗೈಲೆ ಬರ್ತೀರಿ, ನನಗ ತಿಳ್ಯೂದಿಲ್ಲೇನು ಅಂದಳು. ಹೇಳಲಿ ಅಂತ ಕಾಯಾಕತ್ತಿದ್ದಳಂತ. ಆಮ್ಯಾಲ ಸ್ವಲ್ಪ ಅತ್ತಳು, ಆಮ್ಯಾಲ ಭಾಳ ಬೈದಳು.

ಈಗ ಅಪ್ಪ ಉಳದಾನ, ಜಾತ್ರಿ ಕಮಿಟಿ ಉಳದೈತಿ. ಕಮಿಟಿಯವ್ರು ಹ್ಯಾಂಡ್‌ಬಿಲ್‌ನ್ಯಾಗ ನನ್ನ ಫೋಟೋ ಹಾಕಸೂ ತಯಾರ್ಯಾಗ ಅದಾರ.

ಮಟ್ಟಿ_ಮುದಕ (ವಿಜಯಪುರ)

ಮಗನ, ನಂಗೀಗ ಎಪ್ಪತ್ತ ದಾಟ್ಯಾವ. ಮೊಮ್ಮಗ ಟೈಪ್ ಮಾಡ್ಲಕತ್ತಾನ, ನಾ ಹೇಳ್ಲಕತ್ತೀನಿ, ತಪ್ಪ ಇದ್ರ ಅವನದು.

ನಾ ಕೊಲ್ಲಾಪುರ ತಾಲೀಮಿನ್ಯಾಗ ಬೆಳದಾಂವ. ಶಾಹೂ ಮಹಾರಾಜ್ರು ಕಟ್ಟಿಸಿದ ಖಾಸಬಾಗ್ ಮೈದಾನದಾಗ ಕುಸ್ತಿ ಹಿಡದೀನಿ, ನಮ್ಮ ಸಿದ್ಧೇಶ್ವರ ಜಾತ್ರ್ಯಾಗ ಸಂಕ್ರಮಣಕ್ಕ ಹಿಡದೀನಿ. ಕಿವಿ ನೋಡಿದ್ರ ಗೊತ್ತಾಗ್ತದ, ಎರಡೂ ಮುದ್ದಿ ಆಗ್ಯಾವ. ಮಂದಿ ತಿಳದಾರ ಗರಡಿ ಅಂದ್ರ ಬರೇ ಹಟ ಅಂತ. ಗರಡ್ಯಾಗ ಮೊದ್ಲ ಕಲಸೂದು ಮೈ ಕಾಯೂದು. ಮಟ್ಟಿಗಿ, ಅಂದ್ರ ಅಖಾಡದ ಮಣ್ಣಿಗಿ, ಅರಿಶಿಣ, ಎಣ್ಣಿ, ಮಜ್ಜಿಗಿ, ಲಿಂಬಿರಸ ಯಾಕ ಹಾಕ್ತಾರ? ಬಿದ್ದ ಹುಡುಗನ ಚರ್ಮ ಕೆಡಬಾರ್ದು ಅಂತ. ಜೋರ್, ಅಂದ್ರ ದಿನದ ಕುಸ್ತಿ ಅಭ್ಯಾಸ, ಮುಗದ ಮ್ಯಾಲ ತಾಸಗಟ್ಲೆ ಮಾಲೀಸು. ನಮ್ಮ ವಸ್ತಾದ ಮುಂಜಾನೆ ಒಬ್ಬೊಬ್ಬನ ಹಣಿ ಮುಟ್ಟಿ ನೋಡ್ತಿದ್ದ, ಮೈ ಬೆಚ್ಚಗ ಅದ ಅಂದ್ರ ಅವತ್ತ ಮಟ್ಟಿಗಿ ಇಳಸ್ತಿದ್ದಿಲ್ಲ, ನೀ ಬಾದಾಮಿ ಅರಿ ಹೋಗು ಅಂತಿದ್ದ. ಹೊರಸಿನ ಮ್ಯಾಲ ಮಲಗಿಸ್ತಿದ್ದಿಲ್ಲ ನೋಡು, ಕೆಲಸಾ ಕೊಡ್ತಿದ್ದ. ಬಾದಾಮಿ ಅರದಾಂವನೂ ತಾಲೀಮಿನ ಹುಡುಗನ, ಕುಸ್ತಿ ಹಿಡದಾಂವನೂ ತಾಲೀಮಿನ ಹುಡುಗನ.

ಅಖಾಡದಾಗೂ ಹಂಗ. ಜೋಡಿ ಹಿಡದ ಮ್ಯಾಲ ಒಬ್ಬಂದ ಭುಜ ಸರೀತು ಅಂದ್ರ ಪಂಚರು ನಡಬರಕ ಬಂದ ಬರಾಬರಿ ಅಂತ ಬಿಡಸ್ತಾರ. ಒಮ್ಮೆ ನನ್ನ ಎದರಿನವನ ಮೊಣಕಾಲ ಪಟ್ ಅಂತು, ನನಗಷ್ಟ ಕೇಳ್ತು, ಮಂದಿಗೆ ಕೇಳಲಿಲ್ಲ. ಆಂವ ಬಿಡವಲ್ಲ, ಹಲ್ಲ ಕಚ್ಚಿ ನನ್ನ ಚಡ್ಡಿ ಹಿಡದ ನಿಂತಾನ. ನಾನ ಪಂಚರಿಗೆ ಕೈ ಮಾಡಿದೆ, ಬಿಡಸ್ರಿ ಅಂತ. ನಮ್ಮ ಕಡೆ ಮಂದಿ ನನಗನ ಬೈದ್ರು, ಚಿತ್ ಮಾಡೂ ಕುಸ್ತಿ ಬಿಟ್ಟಿ ಅಂತ, ಇನಾಮ ಅರ್ಧ ಅರ್ಧ ಆತು. ವಸ್ತಾದ ಏನೂ ಅನಲಿಲ್ಲ, ಅವತ್ತ ರಾತ್ರಿ ತನ್ನ ಥಂಡಾಯಿ ಲೋಟಾ ನನ್ನ ಮುಂದ ಸರಿಸಿದ. ಅದಕ್ಕಿಂತ ದೊಡ್ಡ ಇನಾಮ ನಂಗ ಇಲ್ಲೀತನ ಸಿಕ್ಕಿಲ್ಲ.

ನಿಮ್ಮ ಅಪ್ಪ ಕಲ್ಲ ಎತ್ತಿದಾಂವ ಅಂದಿ. ಹಂಗಿದ್ರ ಅಂವಗ ಹೇಳೂದ ಎಲ್ಲಾಕಿಂತ ಸರಳ. ಭಾರ ಎತ್ತಿದವ್ರ ಪೈಕಿ ಇದನ್ನ ಕಾಣದಾಂವ ಯಾರದಾನ? ಅವನ ಜೋಡಿಯವ್ರಾಗ ಇಬ್ಬರಿಗರೆ ಆಗಿರ್ತದ, ಆವಾಗ ಸೊಲ್ಲಾಪುರಕ್ಕೋ ಮಿರಜಕ್ಕೋ ಹೋಗಿ ಮಾಡಿಸ್ಕೊಂಡ ಬಂದ ತೀರ್ಥಯಾತ್ರಿ ಅಂತ ಹೇಳಿರ್ತಾರ. ಕೇಳಿ ನೋಡು.

ಕಮಿಟಿಗೆ ನೀ ಹಿಂಗ ಹೇಳು. ಈ ಸಲ ನಾ ಎತ್ತಂಗಿಲ್ಲ, ಪಂಚನಾಗಿ ನಿಂದರ್ತೀನಿ, ಕಲ್ಲಿಗೆ ಪೂಜಾ ನಾ ಮಾಡ್ತೀನಿ, ಹೊಸಾ ಹುಡುಗ್ರಿಗೆ ಕಾಲ ಎಲ್ಲಿ ಇಡಬೇಕು, ಬೆನ್ನ ಬಗ್ಗಿಸದ ತೊಡಿಲೆ ಹೆಂಗ ಏಳಬೇಕು ನಾ ತೋರಸ್ತೀನಿ ಅಂತ. ಕಲ್ಲ ಬಿಟ್ಟಾಂವಗ ಅಖಾಡದಾಗ ಜಾಗಾ ಇಲ್ಲ ಅಂತ ಯಾಂವ ಹೇಳ್ಯಾನ? ಬಿಟ್ಟವ್ರು ಕಲಸಿದ್ದಕ್ಕನ ಹಿಡ್ಯಾವ್ರು ಇದ್ದಾರ.

ಖಡಕ್_ರೊಟ್ಟಿ

ಅಜ್ಜಾರ ನಮಸ್ಕಾರ್ರಿ. ನಿಮ್ಮ ಮಾತಿಗೆ ಎದರ ಮಾತ ಇಲ್ಲ. ಆದ್ರ ಒಂದ ಕೇಳ್ತೀನಿ, ಎಲ್ಲಾರೂ ಹಿಂಗ ಡಾಕ್ಟರ್, ರೆಸ್ಟು ಅನ್ಕೋತ ಕೂತ್ರ ನಾಳೆ ಜಾತ್ರ್ಯಾಗ ಕಲ್ಲ ಎತ್ತಾವ್ರು ಯಾರ್ರಿ? ಈಗ ನೋಡ್ರಿ ಹುಡುಗ್ರು ಜಿಮ್ಮಿನ್ಯಾಗ ಕನ್ನಡಿ ಮುಂದ ನಿಂತ ಫೋಟೋ ತಗಸೂದಾಗ ಅದಾರ, ಜ್ವಾಳದ ಚೀಲ ಹಲ್ಲಿಲೆ ಹಿಡದ ಎತ್ತು ಅಂದ್ರ ಹಲ್ಲಿಗಿ ಇನ್ಶೂರೆನ್ಸ್ ಐತೇನು ಅಂತ ಕೇಳ್ತಾರ. ನಮ್ಮ ಅಜ್ಜನ ಮಾತ ನಾ ಚ್ಯಾಷ್ಟಿಗೆ ಹೇಳಿದ್ದಲ್ಲ. ಆ ಕಲ್ಲ ಎದ್ದಾಗ ಊರಿಗೂರ ಹೋ ಅಂತೈತಲ್ಲ, ಅದು ಹೋಗಬಾರ್ದು.

ಮಟ್ಟಿ_ಮುದಕ (ವಿಜಯಪುರ)

ತಮ್ಮಾ ಖಡಕ್, ನೀ ಹೇಳಿದ್ದು ಖರೆ ಅದ, ನಂಗೂ ಆ ಹೋ ಅನ್ನೂದು ಬೇಕ. ಎತ್ತಬ್ಯಾಡ್ರಿ ಅಂತ ನಾ ಎಲ್ಲಿ ಅಂದೀನಿ, ತೂತ ಬಿದ್ದ ಹೊಟ್ಟಿಲೆ ಎತ್ತಬ್ಯಾಡ ಅಂದೀನಿ. ನಿಮ್ಮ ಅಜ್ಜ ಚೀಲ ಎತ್ತತಿದ್ದ ಅಂದ್ರ ದಿನಾ ಹೊಲದಾಗ ದುಡದ ಮೈ ಅದು, ಹಗೆವಿನಿಂದ ಜ್ವಾಳ ತಗದು ಹೊತ್ತು ರೂಢಿ ಆದ ಮೈ. ವರ್ಷ ಪೂರ್ತಿ ಮೋಟರ್‌ಸೈಕಲ್ ಮ್ಯಾಲ ಕೂತು ಜಾತ್ರಿ ಹಿಂದಿನ ದಿನ ತತ್ತಿ ತಿಂದ್ರ ಬರಂಗಿಲ್ಲ. ನಿನ್ನ ಊರ ಯಾವ್ದು? ಸನೇಕ ಇದ್ರ ಮುಂಜಾನೆ ಬಾ, ಬೈಠಕ್ ಹಚ್ಚಿ ಕೊಡ್ತೀನಿ.

ಖಡಕ್_ರೊಟ್ಟಿ

ಮುಂಜಾನೆ ಅಂದ್ರ ಎಷ್ಟಕ್ಕ ಅಜ್ಜಾರ?

ಮಟ್ಟಿ_ಮುದಕ (ವಿಜಯಪುರ)

ನಾಕಕ್ಕ.

ಹೊಳಿದಂಡಿ_ಹುಡುಗ

ಅಪ್ಪಗ ಹೇಳಿದೆ. ಭಾಳೊತ್ತ ಏನೂ ಮಾತಾಡಲಿಲ್ಲ, ತಂಬಾಕ ತಿಕ್ಕೋತ ಕೂತಿದ್ದ. ಆಮ್ಯಾಲ ಎದಕ್ಕ ಇಷ್ಟ ದಿನ ಹೊತ್ಕೊಂಡ ತಿರಗಿದಿ ಅಂದ. ನಿನಗ ಸಿಟ್ಟ ಬರ್ತೈತಂತ ಅಂದೆ. ಸಿಟ್ಟ ಬಂದೈತಿ, ಹೇಳಲಿಲ್ಲ ಅಂತ ಬಂದೈತಿ ಅಂದ. ವಿಜಯಪುರ ಅಜ್ಜಾರ ಹೇಳಿದಂಗ ಕೇಳಿ ನೋಡಿದೆ, ಅವನ ಜೋಡಿ ಕಲ್ಲ ಎತ್ತಾಂವ ಒಬ್ಬಾಂವ ಖರೇನ ಮಿರಜಕ್ಕ ಹೋಗಿ ಬಂದಿದ್ನಂತ್ರಿ, ಊರಾಗ ಪಂಢರಪುರ ಅಂತ ಹೇಳಿ! ಕಮಿಟಿಯವ್ರ ಜೋಡಿ ತಾನ ಮಾತಾಡ್ತೀನಿ ಅಂದಾನ ಅಪ್ಪ. ಏನ್ ಮಾತಾಡ್ತಾನೋ ಗೊತ್ತಿಲ್ಲ, ಅವನ ಮಾತ ಮೊದ್ಲ ಒರಟ.

ಈಗ ಖರ್ಚಿನ ಮಾತ. ಕಬ್ಬಿನ ಬಿಲ್ ಇನ್ನೂ ಬಂದಿಲ್ಲ. ಸರ್ಕಾರದ ಕಾರ್ಡಿನ್ಯಾಗ ಆಗ್ತೈತೇನ್ರಿ? ಮತ್ತ ಎಷ್ಟ ದಿನ ಕೆಲಸಾ ಬಿಡಬೇಕ?

ಓಟಿ_ಕೆಲಸದಾಂವ (ವಿಜಯಪುರ)

ಬಿಪಿಎಲ್ ರೇಷನ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ 5 ಲಕ್ಷತನಾ ಅದ. ಮೊದ್ಲ ಸರ್ಕಾರಿ ಆಸ್ಪತ್ರಿಗೆ ಹೋಗ್ರಿ, ಇಂಥಾ ಆಪರೇಷನ್ ಅಲ್ಲೇ ಮಾಡ್ತಾರ, ಅಲ್ಲಿ ಆಗಲಿಲ್ಲ ಅಂದ್ರ ಅವ್ರ ಚೀಟಿ ತಗೊಂಡ ಬ್ಯಾರೆ ಕಡೆ ಹೋಗೂದು. ಚೀಟಿ ಇಲ್ಲದ ಸೀದಾ ಪ್ರೈವೇಟಿಗೆ ಹೋಗಿ ಆಮ್ಯಾಲ ಕಾರ್ಡ್ ತೋರಿಸಿದ್ರ ರೊಕ್ಕ ಕೈಯಿಂದ ಹೋಗಬಹುದು. ರೇಷನ್ ಕಾರ್ಡ್, ಆಧಾರ್ ಎರಡೂ ಒರಿಜಿನಲ್ ತಗೊಂಡ ಹೋಗ್ರಿ, ಝೆರಾಕ್ಸ್ ನಾಕ ನಾಕ ಮಾಡಿಸಿಡ್ರಿ.

ಹಗರ ಕೆಲಸಾ ಒಂದೆರಡ ವಾರಕ್ಕ ಮಾಡಬಹುದು, ಭಾರ ಎತ್ತೂದು ಕಮ್ಮಿ ಅಂದ್ರ ಆರ ವಾರ ಬಿಡ್ರಿ. ಪೆಂಡಿ ಮತ್ತ ಕಲ್ಲಿನ ಮಾತ ಆಪರೇಷನ್ ಮಾಡಿದ ಡಾಕ್ಟರ್‌ಗೇ ಕೇಳ್ರಿ, ಯಾಕಂದ್ರ ಒಳಗ ನೋಡಿದಾವ್ರು ಅವ್ರು. ತಂಬಾಕ, ಬೀಡಿ ಇದ್ರ ಈಗಿಂದನ ಬಿಡ್ರಿ, ಕೆಮ್ಮ ಬಂದ್ರ ಹೊಲಗಿ ಮ್ಯಾಲ ಜೋರ ಬೀಳ್ತದ. ಸಂಡಾಸಿಗಿ ತಿಣಕಬಾರ್ದು, ಅದಕ್ಕ ನೀರ ಜಾಸ್ತಿ, ಪಲ್ಯಾ ಜಾಸ್ತಿ, ರೊಟ್ಟಿ ಉಣ್ರಿ ಏನೂ ಆಗಂಗಿಲ್ಲ, ಕೆಂಪ ಚಟ್ನಿ ಸ್ವಲ್ಪ ದಿನ ಕಮ್ಮಿ. ಸಣ್ಣ ಮಕ್ಕಳಿದ್ರ ಬಗ್ಗಿ ಎತ್ಕೊಬ್ಯಾಡ್ರಿ, ನೀವು ಕೂತಲ್ಲೆ ಕೂಡ್ರಿ, ಅವರನ್ನ ತೊಡಿ ಮ್ಯಾಲ ಹತ್ತಿಸ್ಕೊರಿ. ಗಾಡಿ ಕಿಕ್ ಹೊಡ್ಯೂದು ಬ್ಯಾಡ, ಸೆಲ್ಫ್ ಸ್ಟಾರ್ಟ್ ಇದ್ದ ಗಾಡಿ ಯಾರದರೆ ಇಸ್ಕೊರಿ. ಆಪರೇಷನ್ ದಿನ ಮುಂಜಾನೆ ಚಾ ಸೈತ ಕುಡೀಬ್ಯಾಡ್ರಿ, ಅದನ್ನ ಮರತ ಕುಡದ ಬಂದು ವಾಪಸ್ ಹೋದವ್ರು ವಾರಕ್ಕ ಒಬ್ಬರರೆ ಇರ್ತಾರ.